ನಿದ್ದೆ ಕದ್ದ ಕಳ್ಳ

"ಒಂದೇ ತಿಂಗಳಲ್ಲಿ ಮಗಳಿಗೆ ಕನ್ನಡ ಕಲಿಸದಿದ್ರೆ ನನ್ನ ಹೆಸರು ಕೆಂಪರಾಜನೇ ಅಲ್ಲ!" ಎಂದು ಮಹದೇವಪುರದ ನಮ್ಮ ಮನೆಯಲ್ಲಿ ಘೋಷಿಸಿದೆ. ಎರಡನೇ ಕ್ಲಾಸಿನ ದಿವ್ಯ, "ಅಪ್ಪ, ಡಾಗ್ ಬಾರ್ಕ್ ಮಾಡ್ತಿದೆ" ಎನ್ನುವುದನ್ನು ಎಷ್ಟು ದಿನ ಸಹಿಸುವುದು? ಗೋಡೆಗೆ ಅಕ್ಷರಮಾಲೆ ಅಂಟಿಸಿ, ಸ್ಕೇಲು ಹಿಡಿದು ಗುರುಪೀಠವನ್ನೇರಿದೆ. 'ಸಂಶಯ' ಎಂದರೇನೆಂದು ಅರ್ಧ ಗಂಟೆ ವಿವರಿಸಿದೆ. ಅವಳಿಗೆ ಆಕಳಿಕೆ ಬಂತು. ಆಮೇಲೆ ನನಗೂ!

"ರೀ, ಭಾನುವಾರ ಹಲಸೂರಲ್ಲಿ ಮಕ್ಕಳ ನಾಟಕ ಇದೆ, ಹೋಗೋಣ" ಎಂದಳು ಹೆಂಡತಿ ಸುಕನ್ಯ.

"ನಾಟಕ ನೋಡಿದ್ರೆ ಕನ್ನಡ ಬಂದ್ಬಿಡುತ್ತಾ?"

"ನಿಮ್ಮ ನಾಟಕ ದಿನಾ ನೋಡ್ತಾಳಲ್ಲ, ಬಂತಾ?"

ಹೊರಟೆವು.

ರಂಗದ ಮೇಲೆ ನಿದ್ದೆ ಕಳೆದುಕೊಂಡ ರಾಜ. ಅವನ ಮಂತ್ರಿ ಒಂದು ಹುಬ್ಬು ಮೇಲೆತ್ತಿ, "ನನಗೇಕೋ ಸಂಶಯ..." ಎಂದ. ಅಷ್ಟೇ! ಅಲ್ಲಿದ್ದ ಮಕ್ಕಳ ಹುಬ್ಬುಗಳೆಲ್ಲ ಮೇಲೇರಿದವು, ದಿವ್ಯಳದೂ. ನನ್ನ ಅರ್ಧ ಗಂಟೆಯ ಪ್ರವಚನವನ್ನು ಆ ಮಹಾನುಭಾವ ಒಂದು ಹುಬ್ಬಿನಲ್ಲಿ ಮುಗಿಸಿದ್ದ! ಮನಸ್ಸಿನಲ್ಲೇ ಕೈಮುಗಿದೆ. ಎಸಿ ತಂಪಾಗಿತ್ತು, ಸೀಟು ಮೆತ್ತಗಿತ್ತು. ಕಣ್ಣೂ ಮುಚ್ಚಿತು.

"ನನ್ನ ನಿದ್ದೆ ಕದ್ದವರು ಯಾರು?" ರಾಜ ಗುಡುಗಿದ.

"ಮಹಾರಾಜ, ಕಳ್ಳ ಇಲ್ಲೇ ಗೊರಕೆ ಹೊಡೀತಿದ್ದಾನೆ! ನಮ್ಮಪ್ಪ!"

ದಿವ್ಯಳ ದನಿ! ನಾನು ಕಣ್ಣು ಬಿಡುವಷ್ಟರಲ್ಲಿ ಸೈನಿಕರಿಬ್ಬರು ನನ್ನನ್ನು ರಂಗಕ್ಕೆ ಎಳೆದೊಯ್ದಿದ್ದರು.

"ಎಲವೋ, ನಿನ್ನ ಸಮಜಾಯಿಷಿ ಏನು?" ಎಂದ ರಾಜ.

"ಸಾರಿ ಸಾರ್, ಆಫೀಸಲ್ಲಿ ತುಂಬಾ ವರ್ಕ್ ಇತ್ತು, ಸ್ವಲ್ಪ ಟೈರ್ಡು..."

ಕನ್ನಡದ ಗುರುವಿನ ಈ ಕನ್ನಡಕ್ಕೆ ಸಭೆ ಬಿದ್ದು ಬಿದ್ದು ನಕ್ಕಿತು. ಆಗ ದಿವ್ಯ ಓಡಿಬಂದು ನನಗೆ ಅಡ್ಡ ನಿಂತಳು.

"ಪ್ರಭು, ಕ್ಷಮಿಸಿ! ಇದು ನಿಮ್ಮ ನಿದ್ದೆಯಲ್ಲ. ಅಪ್ಪ ಮನೆಯಿಂದಲೇ ತಂದದ್ದು!"

ರಾಜ ನಕ್ಕ ರಭಸಕ್ಕೆ ಮೀಸೆ ಕಳಚಿ ಬಿತ್ತು. "ಬಿಡುಗಡೆ!" ಎಂದ. ಚಪ್ಪಾಳೆಯೋ ಚಪ್ಪಾಳೆ! ನಾಚಿಕೆಯಿಂದಲೋ ಹೆಮ್ಮೆಯಿಂದಲೋ, ನನ್ನ ಕಣ್ಣು ಒದ್ದೆಯಾಯಿತು.

ವಾಪಸು ಬರುವಾಗ ಮೆಟ್ರೋದಲ್ಲಿ ದಿವ್ಯ ಪ್ರತಿ ನಿಲ್ದಾಣದ ಫಲಕವನ್ನೂ ಮಂತ್ರಿಯ ಗತ್ತಿನಲ್ಲಿ ಓದಿದಳು. ನಾಲಿಗೆ ತೊಡರುವ 'ಗರುಡಾಚಾರ್‌ಪಾಳ್ಯ'ವನ್ನೂ ಬಿಡಲಿಲ್ಲ! ಮನೆಗೆ ಬಂದವಳೇ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯಲು ಕೂತಳು. ಒತ್ತಕ್ಷರಗಳು ದಿಕ್ಕಾಪಾಲಾಗಿದ್ದರೂ ಅದು ಸಾಕ್ಷಾತ್ ನಾಟಕ!

"ಅಮ್ಮ ಮಂತ್ರಿ" ಎಂದಳು.

"ಹಾಗಾದ್ರೆ ನಾನೇ ರಾಜ!" ಎದೆಯುಬ್ಬಿಸಿದೆ.

"ರಾಜ ನಾನು. ನೀನು ಸಿಂಹಾಸನ."

"ಸಿಂಹಾಸನಕ್ಕೆ ಒಂದಾದ್ರೂ ಡೈಲಾಗ್ ಕೊಡಮ್ಮಾ!"

ದಿವ್ಯ ನನ್ನ ಬೆನ್ನೇರಿ ಕೂತು ಹೇಳಿದಳು: "ಕನ್ನಡ ಕಲಿತ್ಕೋ ಅಪ್ಪ, ಆಮೇಲೆ ನೋಡೋಣ!"