ಮೂವತ್ತನೆಯ ಖಾಖ್ರಾ

ಬೆಳಿಗ್ಗೆ ಹೆಂಡತಿ ಖಾಖ್ರಾ ಲಟ್ಟಿಸುತ್ತಿದ್ದಾಗ ಇಸ್ತ್ರಿಯವನು ಬಾಯಿ ಮುಚ್ಚಿಕೊಂಡು ಕಾಫಿ ಕುಡಿದಿದ್ದರೆ ಏನೂ ಆಗುತ್ತಿರಲಿಲ್ಲ. "ಚಪಾತಿ ಒಣಗಿಸೋದಕ್ಕೆ ಇಷ್ಟು ಗಲಾಟೆನಾ?" ಅಂದುಬಿಟ್ಟ.

ಹೆಂಡತಿ ಲಟ್ಟಣಿಗೆ ಕೆಳಗಿಟ್ಟಳು. ಗೋಧಿ ಹಿಟ್ಟಿಗೆ ಅರಿಸಿನ, ಖಾರದ ಪುಡಿ, ಓಮ, ಅಂಗೈಯಲ್ಲಿ ಉಜ್ಜಿದ ಒಣ ಮೆಂತ್ಯದೆಲೆ ಹಾಕಿ ಕಲಸಿ, ಹಿಂದೆ ಹಿಡಿದ ಬೆರಳು ಕಾಣುವಷ್ಟು ತೆಳ್ಳಗೆ ಲಟ್ಟಿಸಿ, ತುಪ್ಪ ಸವರಿ ಅರೆಬೇಯಿಸಿದ್ದಳು. ಒಟ್ಟು ಮೂವತ್ತು. ಅವಳ ಹೊಲಿಗೆ ಕಾರ್ಖಾನೆಯ ಸೂಪರ್‌ವೈಸರ್ ಅವತ್ತು ನಿವೃತ್ತರಾಗುತ್ತಿದ್ದರು. ಹೊಲಿಯುವವರು ಇಪ್ಪತ್ತೊಂಬತ್ತು ಜನ, ಮೂವತ್ತನೆಯದು ಅವರಿಗೆ. ತಮ್ಮ ಕುರ್ಚಿಗೆ ಯಾರು ಅಂತ ಸಂಜೆಯ ಸಭೆಯಲ್ಲಿ ಅವರೇ ಹೇಳುವವರಿದ್ದರು. ಇಸ್ತ್ರಿಯವನ ಹೆಂಡತಿ ಆ ಕುರ್ಚಿಯ ಮೇಲೆ ಆರು ವರ್ಷದಿಂದ ಕಣ್ಣಿಟ್ಟಿದ್ದಳು.

"ಇನ್ನು ಕಾವಲಿ ಮೇಲೆ ಬಟ್ಟೆ ಉಂಡೆಯಿಂದ ಒತ್ತಿ ಗರಿಗರಿ ಮಾಡೋದಷ್ಟೇ ಬಾಕಿ. ನೀವೇ ಮಾಡಿ. ಸಣ್ಣ ಉರಿ. ಐದು ಗಂಟೆಗೆ ತಗೊಂಡು ಬನ್ನಿ, ಮೂವತ್ತೂ ಇರಬೇಕು" ಎಂದು ಚಪ್ಪಲಿ ಮೆಟ್ಟಿ ಹೊರಟಳು.

ಮೊದಲನೆಯದು ಸಿಟ್ಟು ಬಂದ ಮಾವನ ಕೆನ್ನೆಯ ಹಾಗೆ ಉಬ್ಬಿತು. ಎರಡನೆಯದು ಹಳೇ ಚಪ್ಪಲಿಯ ಅಟ್ಟೆಯ ಹಾಗೆ ಬಗ್ಗಿತು, ಮುರಿಯಲಿಲ್ಲ. ಎದುರುಮನೆ ಮೇಷ್ಟ್ರು ಕಿಟಕಿಯಲ್ಲಿ ತಲೆ ತೂರಿಸಿ, ತೇವ ಹೊರಗೆ ಹೋಗುವುದು ಹೇಗೆ ಎಂದು ಒಂದು ಪೀರಿಯಡ್ಡಿನಷ್ಟು ಹೊತ್ತು ವಿವರಿಸಿದರು. ಮಹಡಿ ಅಜ್ಜಿ ಇಳಿದು ಬಂದು ಸ್ಟೂಲು ಎಳೆದುಕೊಂಡು, ಒತ್ತು, ತಿರುಗಿಸು, ಈಗ ಬೇಡ, ಈಗ ಎಂದು ಶುರು ಮಾಡಿದಳು. ಮಧ್ಯಾಹ್ನ ಹನ್ನೆರಡಕ್ಕೆ ಮೂರು ಖಾಖ್ರಾ ಆಗಿದ್ದವು. ಮುಂದಿನ ಕೋಣೆಯಲ್ಲಿ ಹದಿನೆಂಟು ಅಂಗಿಗಳು ಇಸ್ತ್ರಿಗೆ ಕಾದಿದ್ದವು.

ಅವನು ಕಾವಲಿ ನೋಡಿದ. ಆಮೇಲೆ ಇಸ್ತ್ರಿಪೆಟ್ಟಿಗೆ ನೋಡಿದ. ಬಿಸಿ ಮಾಡಿ ಒತ್ತುವುದು, ಇಷ್ಟೇ ತಾನೆ? ಇಪ್ಪತ್ತು ವರ್ಷದಿಂದ ಮತ್ತೇನು ಮಾಡಿದ್ದೇನೆ?

ಒಂದು ಖಾಖ್ರಾವನ್ನು ಎರಡು ಬಿಳಿ ಪಂಚೆಯ ನಡುವೆ ಇಟ್ಟು ಇಸ್ತ್ರಿ ಎಳೆದ. ಗಂಜಿ ಹಾಕಿದ ಕಾಲರಿನಂತೆ ಸೆಟೆದು ನಿಂತಿತು. ಓಮದ ಘಮ ಬೀದಿ ತುಂಬಿತು. ಆಮೇಲೆ ಒಂದು ಅಂಗಿ, ಒಂದು ಖಾಖ್ರಾ, ಹೀಗೆ ಕೆಲಸ ರೈಲಿನಂತೆ ಓಡಿತು. ಮೇಷ್ಟ್ರು ಇದು ತಮ್ಮದೇ ಸಿದ್ಧಾಂತ ಅಂದರು. ಅಜ್ಜಿ, ಇಸ್ತ್ರಿ ಮಾಡಿದ್ದನ್ನು ತಿಂದರೆ ಹೊಟ್ಟೆಗೆ ಮಡಿಕೆ ಬೀಳುತ್ತದೆ ಅಂದಳು. ಅವನು ಅವಳಿಗೆ ಎದುರುತ್ತರ ಕೊಡುತ್ತಲೇ ಸೂಪರ್‌ವೈಸರ್ ಬೆಳಿಗ್ಗೆ ಕೊಟ್ಟುಹೋಗಿದ್ದ ಬಿಳಿ ಅಂಗಿ ಮುಗಿಸಿದ. ದೊಡ್ಡವರ ಅಂಗಿಗೆ ಒಳಗೊಂದು ರಟ್ಟು ಇಟ್ಟು, ಮಡಿಸಿ, ಪಿನ್ನು ಚುಚ್ಚುವುದು ಅವನ ಪದ್ಧತಿ. ಆ ಕೆಲಸಕ್ಕೆ ಅವನ ಕೈಗಳು ಕಣ್ಣನ್ನು ಕೇಳುತ್ತಿರಲಿಲ್ಲ. ಮೂರೂವರೆಗೆ ಸೂಪರ್‌ವೈಸರ್ ಬಂದು ಪೊಟ್ಟಣ ಒಯ್ದರು. ಸಭೆಗೆ ಮುಂಚೆ ಕಾರ್ಖಾನೆಯಲ್ಲೇ ಹಾಕಿಕೊಳ್ಳುತ್ತಾರಂತೆ.

ನಾಲ್ಕೂವರೆಗೆ ಎಣಿಸಿದ. ಇಪ್ಪತ್ತೊಂಬತ್ತು.

ಮತ್ತೆರಡು ಸಲ ಎಣಿಸಿದ. ಮೇಜಿನ ಕೆಳಗೆ ತೆವಳಿದ. ಮೇಜಿನ ಮೇಲೆ ಕತ್ತರಿಸಿಟ್ಟ ಒಂದು ರಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ನಿಧಾನವಾಗಿ ಅಜ್ಜಿಯ ಕಡೆ ತಿರುಗಿದ. ಅಜ್ಜಿ ಬಾಯಿ ಅಗಲಿಸಿ ತೋರಿಸಿದಳು. ಹಲ್ಲಿನ ಸೆಟ್ಟು ರಿಪೇರಿಗೆ ಹೋಗಿತ್ತು.

"ಇದರಲ್ಲಿ ಎಲ್ಲಿಟ್ಟುಕೊಂಡು ಅಗೀಲಪ್ಪಾ, ನೀನೇ ಹೇಳು."

ಕಾಫಿಯಲ್ಲಿ ನೆನೆಸಿರಬಹುದು ಎಂದು ಅವನು ಗೊಣಗಿದ. ಆ ಒಂದು ಮಾತಿಗೆ ಅಜ್ಜಿ ಕಾರ್ಖಾನೆಯವರೆಗೂ ಅವನ ಹಿಂದೆಯೇ ನಡೆದಳು.

ಅಲ್ಲಿ ಮಿಷನ್ನುಗಳೆಲ್ಲ ನಿಂತಿದ್ದವು. ಸೂಪರ್‌ವೈಸರ್ ಅಂಗಿ ಬದಲಾಯಿಸಲು ಪಕ್ಕದ ಕೋಣೆಗೆ ಹೋಗಿದ್ದರು. ಹೆಂಡತಿ ಡಬ್ಬಿ ಹಿಡಿದು ಹಿಂದಿನ ಸಾಲಿನಿಂದ ಹಂಚುತ್ತ ಬಂದಳು. ಕರುಂಕುರುಂ ಸದ್ದಿನಲ್ಲಿ ಹೊಗಳಿಕೆಯೇ ಕೇಳಿಸದಂತಾಯಿತು. ಎಲ್ಲರ ಮುಂದಿದ್ದ ಸೂಪರ್‌ವೈಸರ್ ಕುರ್ಚಿಗೆ ಬರುವಷ್ಟರಲ್ಲಿ ಡಬ್ಬಿ ಖಾಲಿ. ಅವಳು ಗಂಡನನ್ನು ನೋಡಿದ ನೋಟದಲ್ಲಿ ಒಂದು ಸೀರೆ ಇಸ್ತ್ರಿ ಮಾಡಬಹುದಿತ್ತು.

"ಮಹಡಿ ಅಜ್ಜಿ ತಿಂದುಬಿಟ್ರು" ಅಂದ ಅವನು. ಎಲ್ಲರಿಗೂ ಕೇಳಿಸಿತು.

ಅಷ್ಟರಲ್ಲಿ ಕೋಣೆಯ ಬಾಗಿಲು ತೆರೆಯಿತು. ಸೂಪರ್‌ವೈಸರ್ ಬನಿಯನ್ನಿನಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಅಂಗಿ, ಅದರ ಬೆನ್ನಿಗೆ ತಟ್ಟೆಯಗಲದ ಅರಿಸಿನದ ಸೂರ್ಯ. ಇನ್ನೊಂದು ಕೈಯಲ್ಲಿ ಅದೇ ಅಳತೆಯ ಖಾಖ್ರಾ.

"ಅಂಗಿ ಒಳಗೆ ರಟ್ಟು ಇಡೋದು ನೋಡಿದೀನಿ" ಎಂದು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. "ಇಷ್ಟು ರುಚಿಯಾದ ರಟ್ಟು ಇದೇ ಮೊದಲು."

ನಗು ನಿಲ್ಲಲು ಹತ್ತು ನಿಮಿಷ ಬೇಕಾಯಿತು. ಅವರು ಅದೇ ಅಂಗಿ ಹಾಕಿಕೊಂಡು, ಯಾರಿಗೂ ಬೆನ್ನು ತೋರಿಸದೆ ಭಾಷಣ ಮಾಡಿದರು. ಕೊನೆಗೆ, ಮೂವತ್ತು ಅಂದರೆ ಎಲ್ಲಿಂದಾದರೂ ಮೂವತ್ತು ತಲುಪಿಸುವವಳೇ ನನ್ನ ಕುರ್ಚಿಗೆ ಸರಿ ಎಂದು ಇಸ್ತ್ರಿಯವನ ಹೆಂಡತಿಯನ್ನು ಕರೆದರು.

ಮನೆಗೆ ಹಿಂತಿರುಗುವಾಗ ಹೊಸ ಸೂಪರ್‌ವೈಸರ್ ಮೊದಲ ಆಜ್ಞೆ ಹೊರಡಿಸಿದಳು. ಆ ಅಂಗಿಯ ಕಲೆ ಗಂಡನೇ ತೆಗೆಯಬೇಕು. ಅಜ್ಜಿಯನ್ನು ಎಲ್ಲರೆದುರು ಕಳ್ಳಿ ಮಾಡಿದ್ದಕ್ಕೆ ನಾಳೆ ಅವಳಿಗೆ ಮೂವತ್ತು ಖಾಖ್ರಾ, ಹಿಟ್ಟು ಕಲಸುವುದರಿಂದ ಹಿಡಿದು ಎಲ್ಲ ಅವನೇ ಮಾಡಿಕೊಡಬೇಕು.

ಇಸ್ತ್ರಿಯವನು ಬಾಯಿ ತೆರೆದ. ಹೆಂಡತಿ ನೋಡಿದಳು. ಮುಚ್ಚಿಕೊಂಡ.

ಅಜ್ಜಿ ಅವನ ತೋಳು ಹಿಡಿದು ಹತ್ತಿರ ಎಳೆದಳು. "ಮಾಡುವಾಗ ನೆನಪಿರಲಪ್ಪಾ, ನನಗೆ ಹಲ್ಲಿಲ್ಲ. ಗರಿಗರಿ ಬೇಡ. ಮೆತ್ತಗಿರಲಿ."