ಪಿಕಪ್ಪಿನ ಹಿನ್ನಡೆ

ಎಲ್ಲಕ್ಕೂ ಮೂಲ ಒಂದು ಹೂಕುಂಡ. ಟಿಕ್ಕಣ್ಣನ ಷಡ್ಡಕ, ಅಂದರೆ ಅವನ ಹೆಂಡತಿಯ ಅಕ್ಕನ ಗಂಡ, ಹೊಸದಾಗಿ ಹೋಟೆಲ್ ತೆರೆದಿದ್ದ. ಬಾಗಿಲಲ್ಲಿ ಒಂದು ಹಳೇ ಗಾಡಿ ನಿಲ್ಲಿಸಿ, ಬಾನೆಟ್ ಕಿತ್ತು, ಎಂಜಿನ್ ಇರುವ ಜಾಗದಲ್ಲಿ ಹೂಕುಂಡ ಜೋಡಿಸಿದರೆ ಜನ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಹಾಗೇ ಒಳಗೂ ಬರುತ್ತಾರೆ ಎಂದು ಯಾರೋ ಅವನ ಕಿವಿ ಊದಿದ್ದರು. ಹಳೇ ಗಾಡಿ ಅಂದ ಕೂಡಲೇ ಅವನಿಗೆ ನೆನಪಾದದ್ದು ಮಾವನವರ ಪಿಕಪ್. ಮಾವ ಅದನ್ನು ಟಿಕ್ಕಣ್ಣನಿಗೆ ಕೊಟ್ಟು ಎಷ್ಟೋ ಕಾಲವಾಗಿತ್ತು. ಎಂಜಿನ್ ಕೈಕೊಟ್ಟು ಅದು ಅಂಗಳದಲ್ಲಿ ಬೇರು ಬಿಟ್ಟದ್ದೂ ಹಳೇ ಸುದ್ದಿಯೇ.

ಭಾನುವಾರ ಬೆಳಿಗ್ಗೆ ಮಾವನವರ ಫೋನ್ ಬಂತು.

"ಅಳಿಯಂದ್ರೆ, ಮಧ್ಯಾಹ್ನ ನಾನೂ ದೊಡ್ಡಳಿಯಂದ್ರೂ ಬರ್ತೀವಿ. ಗಾಡಿ ಓಡಿದ್ರೆ ನಿಮ್ಮದು. ಓಡದಿದ್ರೆ ಅವರು ತಗೊಂಡು ಹೋಗ್ಲಿ, ಹೂವಾದರೂ ಬಿಡುತ್ತೆ."

ಗಾಡಿಯ ವಿಷಯದಲ್ಲಿ ಆ ಮನೆತನಕ್ಕೆ ಮಾವನವರ ಮಾತೇ ಕೊನೆ. ಅವರು ಬಸ್ ಡ್ರೈವರ್ ಆಗಿ ರಿಟೈರ್ ಆದವರು. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಯಾರಾದರೂ ಬ್ರೇಕನ್ನು ಜೋರಾಗಿ ತುಳಿದರೆ ಕೂತಲ್ಲಿಂದಲೇ ಒಮ್ಮೆ ಕೆಮ್ಮುವರು. ಆ ಕೆಮ್ಮಿಗೆ ಅಳಿಯಂದಿರಿಬ್ಬರೂ ಬೆವರುತ್ತಿದ್ದರು.

ಟಿಕ್ಕಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ವಾಚ್ ರಿಪೇರಿ ಅಂಗಡಿ ಇಟ್ಟ ಮೇಲೆ ಬೀದಿಗೆಲ್ಲ ಅವನು ಟಿಕ್ಕಣ್ಣ. ವಾರವೆಲ್ಲ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಟ್ಟರೆ ಹಾರಿಹೋಗುವಂಥ ಸ್ಕ್ರೂಗಳ ಜೊತೆ ಏಗುವವನಿಗೆ ಭಾನುವಾರ ಪಿಕಪ್ಪಿನ ಕೆಳಗೆ ಅಂಗಾತ ಮಲಗಿ, ಮುಷ್ಟಿಗಾತ್ರದ ನಟ್ಟುಗಳನ್ನು ಬಿಚ್ಚುವುದೆಂದರೆ ಸ್ವರ್ಗಕ್ಕೆ ಮೂರೇ ಗೇಣು. ಅವನಿಗೆ ಆ ಗಾಡಿಯ ಮೇಲೆ ಪ್ರೀತಿ. ಅದಕ್ಕೆ ಬೇರೆ ಹೆಸರಿಲ್ಲ. ಅದರ ಹೊಟ್ಟೆಯಲ್ಲಿ ಹೂಕುಂಡ ಎನ್ನುವುದನ್ನು ಅವನು ನೆನೆಯಲೂ ಒಲ್ಲ.

ಆದರೆ ಅವತ್ತು ಫೋನ್ ಇಟ್ಟವನ ಮುಖದಲ್ಲಿ ನಗುವಿತ್ತು. ಕಾರಣ, ಗಾಡಿಗೆ ಆಗಲೇ ಹೊಸ ಎಂಜಿನ್ ಕೂತಿತ್ತು. ಹೊಸದೆಂದರೆ ಗಾಡಿಗೆ ಹೊಸದು. ಬಂದರಿನ ಗುಜರಿಯಲ್ಲಿ, ಒಡೆದ ದೋಣಿಯೊಂದರಿಂದ ಬಿಚ್ಚಿಟ್ಟಿದ್ದ ಡೀಸೆಲ್ ಎಂಜಿನ್ ಅದು. ಮೂಲೆ ಅಂಗಡಿಯ ವೆಲ್ಡಿಂಗ್‌ನವನೂ ಇವನೂ ಸೇರಿ ಹಿಂದುಮುಂದು ನೋಡದೆ ಅದನ್ನು ಎತ್ತಿಕೊಂಡು ಬಂದಿದ್ದರು. ಗಾಡಿಯ ಗೇರ್‌ಬಾಕ್ಸಿಗೆ ಅದು ಹೊಂದುವ ಹಾಗೆ ವೆಲ್ಡಿಂಗ್‌ನವನು ನಡುವೆ ಒಂದು ದಪ್ಪ ಪ್ಲೇಟ್ ಕೊರೆದು ಕೂರಿಸಿದ್ದ. ಹಿಂದಿನ ಸಂಜೆ ಸ್ಟಾರ್ಟ್ ಮಾಡಿದಾಗ ಗಡಗಡ ಅನ್ನದೆ, ಹೊಗೆ ಉಗುಳದೆ, ಸಂಭಾವಿತನ ಹಾಗೆ ತಿರುಗಿತ್ತು. ಇನ್ನು ಗೇರ್ ಹಾಕಿ ರಸ್ತೆಗಿಳಿಸುವುದೊಂದೇ ಬಾಕಿ.

ಅದನ್ನು ನೋಡಲು ವೆಲ್ಡಿಂಗ್‌ನವನು ಬಂದ. ಮೆಡಿಕಲ್ ಶಾಪಿನವನು ಅಂಗಡಿಯನ್ನು ಅರ್ಧ ಮುಚ್ಚಿ ಬಂದ. ಎದುರುಮನೆಯ ಟೀಚರಮ್ಮ, ರಿಟೈರ್ ಆದರೂ ಬೀದಿಯನ್ನೇ ಕ್ಲಾಸ್‌ರೂಮ್ ಮಾಡಿಕೊಂಡಿದ್ದವರು, ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಂತರು. ಅವರಿಗೆ ದೂರದ್ದು ಅಷ್ಟಾಗಿ ಕಾಣದು, ಹೇಳುವುದಕ್ಕೆ ಅದು ಅಡ್ಡಿಯೂ ಅಲ್ಲ.

ಟಿಕ್ಕಣ್ಣ ಗೇಟಿನ ಕಡೆ ಮುಖ ಮಾಡಿ ನಿಂತಿದ್ದ ಗಾಡಿ ಹತ್ತಿದ. ಫಸ್ಟ್ ಗೇರ್ ಹಾಕಿ ಮೆಲ್ಲಗೆ ಕ್ಲಚ್ ಬಿಟ್ಟ. ಗಾಡಿ ಹಿಂದಕ್ಕೆ ಹೋಗಿ ಬಚ್ಚಲಿನ ನೀರಿನ ಡ್ರಮ್ಮಿಗೆ ಗುದ್ದಿತು. ಹೆಂಡತಿ ಹೊರಗೆ ಬಂದು ನೋಡಿದಳು. ಗಾಬರಿಯಲ್ಲಿ ಗೇರ್ ತಪ್ಪಿತು ಎಂದುಕೊಂಡು ಟಿಕ್ಕಣ್ಣ ಸೆಕೆಂಡ್ ಹಾಕಿದ. ಗಾಡಿ ಇನ್ನೂ ಹುಮ್ಮಸ್ಸಿನಿಂದ ಹಿಂದಕ್ಕೆ ಹೋಗಿ, ಡ್ರಮ್ಮನ್ನು ಉರುಳಿಸಿ, ಬಟ್ಟೆ ಒಣಹಾಕಿದ್ದ ತಂತಿಯನ್ನು ಹರಿದುಕೊಂಡಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಮಾತನ್ನು ಅದು ಕಣ್ಣೆದುರೇ ಮಾಡಿ ತೋರಿಸಿತು. ಕೊನೆಗೆ, ಆದದ್ದಾಗಲಿ ಎಂದು ಅವನು ರಿವರ್ಸ್ ಹಾಕಿದ. ಗಾಡಿ ವಿಧೇಯವಾಗಿ ಮುಂದಕ್ಕೆ ಹೋಗಿ ಗೇಟಿನಲ್ಲಿ ನಿಂತಿತು.

ಒದ್ದೆ ಬೆಡ್‌ಶೀಟೊಂದನ್ನು ಗಾಜಿನ ಮೇಲಿಂದ ಸರಿಸುತ್ತ ವೆಲ್ಡಿಂಗ್‌ನವನು ಬಹಳ ಹೊತ್ತು ಯೋಚಿಸಿದ. ಆಮೇಲೆ, ಆ ದೋಣಿಯಲ್ಲಿ ಇದ್ದದ್ದು ಜೋಡಿ ಎಂಜಿನ್ ಎಂದ. ಎರಡೂ ಒಂದೇ ಕಡೆ ತಿರುಗಿದರೆ ದೋಣಿ ಪಕ್ಕಕ್ಕೆ ಎಳೆಯುತ್ತದೆ, ಅದಕ್ಕೆ ಒಂದನ್ನು ಉಲ್ಟಾ ತಿರುಗುವ ಹಾಗೆ ಮಾಡಿರುತ್ತಾರೆ. ಇವರು ತಂದದ್ದು ಆ ಉಲ್ಟಾ ಆಸಾಮಿಯನ್ನು.

"ಅಲ್ಲ ಟಿಕ್ಕಣ್ಣ," ಎಂದರು ಟೀಚರಮ್ಮ, "ಗಡಿಯಾರದ ಮುಳ್ಳು ಯಾವ ಕಡೆ ತಿರುಗುತ್ತೆ ಅಂತ ನಿನಗೇ ಗೊತ್ತಿಲ್ಲದಿದ್ರೆ ಇನ್ಯಾರಿಗಪ್ಪ ಗೊತ್ತಿರಬೇಕು?"

ಪಾಪ, ತಪ್ಪು ಆದದ್ದೇ ಅಲ್ಲಿ. ಉಳಿದವರು ಗಡಿಯಾರವನ್ನು ಮುಂದಿನಿಂದ ನೋಡುತ್ತಾರೆ. ರಿಪೇರಿಯವನು ನೋಡುವುದು ಬೆನ್ನು ಬಿಚ್ಚಿ, ಹಿಂದಿನಿಂದ. ಅಲ್ಲಿಂದ ನೋಡಿದರೆ ಮುಳ್ಳಿನ ಕಡ್ಡಿ ಎಡಕ್ಕೇ ತಿರುಗುತ್ತದೆ. ಹಿಂದಿನ ಸಂಜೆ, ಬಲಕ್ಕೆ ತಿರುಗಬೇಕಾದ ಎಂಜಿನ್ ಎಡಕ್ಕೆ ತಿರುಗುವುದನ್ನು ಕಂಡು ಟಿಕ್ಕಣ್ಣನ ಕಣ್ಣಿಗೆ ಏನೂ ವಿಚಿತ್ರ ಅನ್ನಿಸಿರಲಿಲ್ಲ. ಬದಲಿಗೆ, ಎಷ್ಟು ಸರಿಯಾಗಿ ತಿರುಗುತ್ತಿದೆ ಎಂದು ಹೆಂಡತಿಯನ್ನು ಕರೆದು ತೋರಿಸಿದ್ದ.

ಸಲಹೆಗಳಿಗೆ ಬರವಿರಲಿಲ್ಲ. ಸೀಟನ್ನು ತಿರುಗಿಸಿ ಕೂರಿಸಿ, ಹೆಡ್‌ಲೈಟನ್ನು ಹಿಂದಕ್ಕೆ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದ ಮೆಡಿಕಲ್ ಶಾಪಿನವನು. ಹಿಂದಿನ ಆಕ್ಸಲನ್ನು ಪೂರ್ತಿ ಬಿಚ್ಚಿ ಮಗುಚಿ ಹಾಕಿದರೆ ಸರಿಹೋಗಬಹುದು, ಆದರೆ ಅದು ಇವತ್ತಿಗೆ ಆಗುವ ಕೆಲಸವಲ್ಲ ಎಂದ ವೆಲ್ಡಿಂಗ್‌ನವನು. ಟಿಕ್ಕಣ್ಣ ಬಂಪರ್ ಮೇಲೆ ಕೂತು ತಲೆ ಮೇಲೆ ಕೈ ಹೊತ್ತ. ಆ ಗಾಡಿಗೇನಾದರೂ ಮಾತು ಬಂದಿದ್ದರೆ ನಾನು ಯಾವತ್ತೋ ತವರಿಗೆ ಹೋಗುತ್ತಿದ್ದೆ ಎಂದು ದಿನಾ ಹಂಗಿಸುವ ಹೆಂಡತಿಗೂ ಆ ಮುಖ ನೋಡಿ ಸುಮ್ಮನಿರಲಾಗಲಿಲ್ಲ.

"ರೀ, ರಿವರ್ಸ್ ಹಾಕಿದ್ರೆ ಮುಂದೆ ಹೋಗುತ್ತೆ ತಾನೆ? ಅಪ್ಪ ಓಡ್ಬೇಕು ಅಂದ್ರು. ಯಾವ ಗೇರಲ್ಲಿ ಅಂತ ಹೇಳ್ಲಿಲ್ಲ."

ಅಳಿಯ ಅಲ್ಲ, ಮಗಳ ಗಂಡ. ಎಲ್ಲರಿಗೂ ಅದು ಸರಿಯೆನಿಸಿತು. ಇಡೀ ಬೀದಿ ಆ ಸುಳ್ಳಿಗೆ ಸೊಂಟ ಕಟ್ಟಿ ನಿಂತಿತು. ರಿವರ್ಸ್ ಹಾಕಿದೊಡನೆ ಹಿಂದೆ ಹೊತ್ತಿಕೊಳ್ಳುವ ಬಿಳಿ ದೀಪದ ಬಲ್ಬನ್ನು ವೆಲ್ಡಿಂಗ್‌ನವನು ಕಿತ್ತು ಜೇಬಿಗಿಳಿಸಿದ. ಗೇರ್ ಲಿವರ್ ಯಾವ ಕಡೆ ಇದೆಯೆಂದು ಕಾಣದ ಹಾಗೆ ಹೆಂಡತಿ ಅದರ ಮೇಲೊಂದು ಟವೆಲ್ ಹೊದಿಸಿದಳು. ಉಳಿದದ್ದು ರಿವರ್ಸ್ ಗೇರಿನ ಕೂಗು. ಅದನ್ನು ಮುಚ್ಚಲು ವೆಲ್ಡಿಂಗ್‌ನವನು ಗೇಟಿನ ಬಳಿ ಕಬ್ಬಿಣ ಕೊರೆಯುತ್ತಿರಬೇಕು, ಮೆಡಿಕಲ್ ಶಾಪಿನವನು ಕರೆಂಟು ಇದ್ದರೂ ಜನರೇಟರ್ ಹಾಕಬೇಕು, ಟೀಚರಮ್ಮ ರೇಡಿಯೊವನ್ನು ಕಿಟಕಿಯಲ್ಲಿಟ್ಟು ಜೋರು ಮಾಡಬೇಕು ಎಂದು ತೀರ್ಮಾನವಾಯಿತು. ಜೀವನದಲ್ಲಿ ಒಂದು ಸುಳ್ಳನ್ನೂ ಹೇಳದ ಟೀಚರಮ್ಮ, ರೇಡಿಯೊ ಹಾಕುವುದು ಸುಳ್ಳಾಗುವುದಿಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಮಧ್ಯಾಹ್ನ ಷಡ್ಡಕನ ವ್ಯಾನ್ ಬಂದು ನಿಂತಿತು. ಅದರಲ್ಲಿ ಗಾಡಿ ಎಳೆಯುವ ಹಗ್ಗ, ಜೊತೆಗೆ ಮಣ್ಣು ತುಂಬಿದ ಕುಂಡಗಳು. ಮಾವನವರು ಇಳಿದು ಮಗಳ ತಲೆ ಸವರಿ, ನೀರು ಕುಡಿದು, ಪಿಕಪ್ ಹತ್ತಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತರು. ಷಡ್ಡಕ ಹಿಂದಿನ ತೊಟ್ಟಿಯಲ್ಲಿ ನಿಂತ. ಬೀದಿಯಲ್ಲಿ ಜನರೇಟರು, ಕಬ್ಬಿಣ, ರೇಡಿಯೊ ಮೂರೂ ಒಟ್ಟಿಗೆ ಅರಚತೊಡಗಿದವು. ಟಿಕ್ಕಣ್ಣ ಟವೆಲಿನೊಳಗೆ ಕೈ ತೂರಿಸಿ ರಿವರ್ಸ್ ಹಾಕಿದ. ಪಿಕಪ್ ಗಂಭೀರವಾಗಿ ಮುಂದಕ್ಕೆ ಹೊರಟಿತು.

ಹೊರಟಿತು ಅನ್ನುವುದು ದೊಡ್ಡ ಮಾತು. ಎಂಜಿನ್ ಎಷ್ಟು ಬೊಬ್ಬೆ ಹೊಡೆದರೂ ಆ ಗೇರಿನಲ್ಲಿ ಗಾಡಿ ತೆವಳುವುದಷ್ಟೇ. ಸೈಕಲ್ಲುಗಳು ದಾಟಿದವು. ಚೀಲ ಹಿಡಿದು ಮಾರ್ಕೆಟ್ಟಿನಿಂದ ಬರುತ್ತಿದ್ದ ಅಜ್ಜಿಯೊಬ್ಬರು ಪಕ್ಕದಲ್ಲೇ ನಡೆಯುತ್ತಿರುವುದನ್ನು ಕಂಡು ಟಿಕ್ಕಣ್ಣ ಮರ್ಯಾದೆಗೆ ಹತ್ತಿಕೊಳ್ಳಿ ಎಂದ. ನನಗೆ ಸ್ವಲ್ಪ ಅರ್ಜೆಂಟಿದೆ ಮಗನೇ ಎಂದು ಅಜ್ಜಿ ಮುಂದೆ ಹೋಗಿಬಿಟ್ಟರು.

"ಮಾವ, ಇದೇನು ಮೆರವಣಿಗೆನಾ? ಸೆಕೆಂಡ್ ಹಾಕೋಕೆ ಹೇಳಿ," ಎಂದು ಹಿಂದಿನಿಂದ ಷಡ್ಡಕ ಕೂಗಿದ.

"ಹೊಸ ಎಂಜಿನ್ ಭಾವ, ಪಳಗಿಸ್ತಾ ಇದೀನಿ," ಎಂದ ಟಿಕ್ಕಣ್ಣ. ಬೆವರು ಕಣ್ಣಿಗಿಳಿಯುತ್ತಿತ್ತು.

ತಿರುವು ದಾಟಿದ ಮೇಲೆ ಬೀದಿಯ ಗಲಾಟೆ ಹಿಂದೆ ಉಳಿಯಿತು. ಗಾಡಿಯೊಳಗೆ ಗೇರಿನ ಕೂಗು ಒಂದೇ. ಮಾವನವರು ಕಣ್ಣು ಮುಚ್ಚಿಕೊಂಡಿದ್ದರು. ಒಮ್ಮೆ ಕೆಮ್ಮಿದರು. ಟಿಕ್ಕಣ್ಣನಿಗೆ ಅಲ್ಲೇ ಗಾಡಿ ಬಿಟ್ಟು ಓಡಿಹೋಗೋಣ ಅನ್ನಿಸಿತು, ಹಾಗೆ ಓಡಿದ್ದರೆ ಗಾಡಿಗಿಂತ ಮೊದಲೇ ಮನೆ ತಲುಪುತ್ತಿದ್ದ. ಆದರೂ ಹಲ್ಲು ಕಚ್ಚಿಕೊಂಡು ಒಂದು ಸುತ್ತು ಮುಗಿಸಿ ಗೇಟಿನ ಮುಂದೆ ತಂದು ನಿಲ್ಲಿಸಿದ.

"ಓಡ್ತು," ಎಂದರು ಮಾವ. "ಮಾತು ಮಾತೇ. ಗಾಡಿ ಚಿಕ್ಕಳಿಯಂದ್ರದ್ದು."

ಬೀದಿ ಪೂರ್ತಿ ಉಸಿರು ಬಿಟ್ಟಿತು. ವೆಲ್ಡಿಂಗ್‌ನವನು ಸುಮ್ಮನೆ ಕೊರೆದು ಹಾಕಿದ ಕಬ್ಬಿಣವನ್ನೆಲ್ಲ ಎತ್ತಿಕೊಂಡು ಹೊರಟ. ಷಡ್ಡಕ ಮುಖ ದಪ್ಪ ಮಾಡಿಕೊಂಡು, ಹೋಟೆಲಿನಲ್ಲಿ ಕೆಲಸವಿದೆ, ಮಾವನವರನ್ನು ನೀವೇ ಬಿಟ್ಟು ಬನ್ನಿ ಎಂದು ಹೇಳಿ ಕುಂಡಗಳ ಸಮೇತ ವ್ಯಾನ್ ಓಡಿಸಿಕೊಂಡು ಹೋದ. ಟಿಕ್ಕಣ್ಣನಿಗೆ ಆಕಾಶ ಇನ್ನು ಒಂದೇ ಗೇಣು. ಆದರೆ ಮಾವನವರು ಗಾಡಿಯಿಂದ ಇಳಿಯಲಿಲ್ಲ.

"ಅಳಿಯಂದ್ರೆ, ಆ ಟವೆಲ್ ತೆಗೀರಿ."

ತೆಗೆಯದೆ ವಿಧಿಯಿರಲಿಲ್ಲ. ತೆಗೆದು ಮಡಚಿ ತೊಡೆಯ ಮೇಲಿಟ್ಟುಕೊಂಡು, ದೋಣಿಯಿಂದ ಡ್ರಮ್ಮಿನವರೆಗೆ ನಡೆದದ್ದನ್ನೆಲ್ಲ ಟಿಕ್ಕಣ್ಣ ಒಪ್ಪಿಸಿದ. ಮಾವ ಬೈಯಲಿಲ್ಲ.

"ಹಾಗಾದ್ರೆ ಉಳಿದ ನಾಲ್ಕು ಗೇರೂ ಹಿಂದಕ್ಕಾ?" ಎಂದು ಕೇಳಿದರು. ದನಿಯಲ್ಲಿ ಏನೋ ಬೇರೆ ಇತ್ತು.

"ನಾಲ್ಕೂ ಹಿಂದಕ್ಕೆ, ಮಾವ. ಕ್ಷಮಿಸಿ."

ಮಾವ ಒಮ್ಮೆ ಮನೆಯ ಕಡೆ ನೋಡಿ, ಮಗಳು ದೂರದಲ್ಲಿರುವುದನ್ನು ಖಚಿತ ಮಾಡಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದರು.

"ಇದು ನಿಮ್ಮತ್ತೆಗೂ ಗೊತ್ತಿಲ್ಲ. ನಾನು ರಸ್ತೆ ಮೇಲೆ ಬಸ್ ಓಡಿಸಿದ್ದು ಒಂದೇ ವಾರ. ಎದುರಿಗೆ ಲಾರಿ ಬಂದ್ರೆ ಕೈ ನಡುಗೋದು. ಆಮೇಲೆ ಡಿಪೋದಲ್ಲೇ ಹಾಕಿದ್ರು. ಬಂದ ಬಸ್ಸನ್ನೆಲ್ಲ ಹಿಂದಕ್ಕೆ ತಗೊಂಡು ಸಾಲಾಗಿ ನಿಲ್ಲಿಸೋದು. ಸರ್ವೀಸ್ ಪೂರ್ತಿ ಅದೇ ಕೆಲಸ. ಮುಂದಕ್ಕೆ ಓಡಿಸೋದು ಅಂದ್ರೆ ಈಗಲೂ ಜೀವ ಬಾಯಿಗೆ ಬರುತ್ತೆ. ಈ ಗಾಡೀನ ನಿಮಗೆ ಕೊಟ್ಟಿದ್ದೂ ಅದಕ್ಕೇ. ಸ್ವಲ್ಪ ಇಳೀರಿ, ನೋಡೋಣ."

ಟಿಕ್ಕಣ್ಣ ಇಳಿದ. ಮಾವನವರು ಸ್ಟೀರಿಂಗಿನ ಹಿಂದೆ ಸರಿದು ಕೂತು, ಎಡಗೈಯನ್ನು ಪಕ್ಕದ ಸೀಟಿನ ಬೆನ್ನ ಮೇಲೆ ಚಾಚಿ, ಕತ್ತು ತಿರುಗಿಸಿದರು. ಫಸ್ಟ್ ಹಾಕಿದರು, ಸೆಕೆಂಡ್ ಹಾಕಿದರು, ತಿರುವಿನಲ್ಲಿ ಥರ್ಡ್ ಹಾಕಿದರು. ನಿಂತಿದ್ದ ಸ್ಕೂಟರುಗಳ ನಡುವೆ, ಮೆಡಿಕಲ್ ಶಾಪಿನ ಬೋರ್ಡಿಗೂ ಕರೆಂಟು ಕಂಬಕ್ಕೂ ನಡುವೆ, ದಾರದ ಹಾಗೆ ನುಸುಳಿಕೊಂಡು ಗಾಡಿ ಹಿಂದಕ್ಕೆ ಹಿಂದಕ್ಕೆ ಹಾರಿತು. ಮನೆಯೊಳಗಿನಿಂದ ಓಡಿಬಂದ ಮಗಳು ಬಾಯಿ ಬಿಟ್ಟುಕೊಂಡು ನಿಂತಳು. ಅಪ್ಪ ನಗುತ್ತಿದ್ದರು. ಅಪ್ಪನ ಬಾಯಲ್ಲಿ ಅಷ್ಟು ಹಲ್ಲಿರುವುದೇ ಅವಳಿಗೆ ಗೊತ್ತಿರಲಿಲ್ಲ.

ಸುತ್ತು ಹಾಕಿ ಬಂದು, ಗೇಟಿನ ಮುಂದೆ ಗೆರೆ ಎಳೆದಂತೆ ನಿಲ್ಲಿಸಿ, ಮಾವನವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಎಂಜಿನ್ ಆರಿಸಲಿಲ್ಲ.

"ಗಾಡಿ ನಿಮ್ಮದೇ, ಅಳಿಯಂದ್ರೆ. ಅದರಲ್ಲಿ ಎರಡು ಮಾತಿಲ್ಲ." ಸ್ಟೀರಿಂಗನ್ನು ಒಮ್ಮೆ ಸವರಿದರು. "ಸ್ವಲ್ಪ ದಿನ ನನ್ನ ಹತ್ರ ಇರ್ಲಾ?"

ಜೀವಮಾನದಲ್ಲಿ ಯಾರ ಹತ್ತಿರವೂ ಏನೂ ಕೇಳದ ಮನುಷ್ಯ. ಅವರ ಮುಖದಲ್ಲಿದ್ದ ಆ ಕಳೆಯನ್ನು ಟಿಕ್ಕಣ್ಣ ಬಲ್ಲ. ಭಾನುವಾರ ಗಾಡಿಯ ಕೆಳಗಿನಿಂದ ಎದ್ದು ಬಂದು ಕನ್ನಡಿ ನೋಡಿಕೊಂಡರೆ ಅಲ್ಲಿ ಕಾಣುತ್ತಿದ್ದದ್ದು ಅದೇ. ಆ ಸ್ವಲ್ಪ ದಿನ ಎಂದಿಗೂ ಮುಗಿಯುವುದಿಲ್ಲ ಎಂದೂ ಅವನಿಗೆ ಗೊತ್ತಿತ್ತು. ಅವನು ಅಂಗೈಯಿಂದ ಬಾನೆಟ್ಟಿನ ಧೂಳು ಒರೆಸಿದ.

"ತಗೊಂಡು ಹೋಗಿ ಮಾವ," ಎಂದ ಕೊನೆಗೆ. "ಆಯಿಲ್ ಮಾತ್ರ ವಾರಕ್ಕೊಮ್ಮೆ ನೋಡ್ತಾ ಇರಿ."

ಮಾವನವರ ಮನೆ ಅಲ್ಲಿಂದ ದೂರವೇನಲ್ಲ, ತಿರುವಿಲ್ಲದ ಇನ್ನೊಂದು ಕಡೆ, ನೇರ ರಸ್ತೆಯ ಕೊನೆಯಲ್ಲೇ. ಅವರು ಕತ್ತು ತಿರುಗಿಸಿ ಫಸ್ಟ್ ಹಾಕಿದರು. ಪಿಕಪ್ ಹೊರಟಿತು. ಬೇರೆ ಗಾಡಿಗಳಾದರೆ ಬೆನ್ನು ತೋರಿಸಿ ಹೋಗುತ್ತವೆ. ಇದು ತನ್ನೆರಡು ಹೆಡ್‌ಲೈಟುಗಳಿಂದ ಟಿಕ್ಕಣ್ಣನ ಮುಖವನ್ನೇ ನೋಡುತ್ತ ನೋಡುತ್ತ ಸಣ್ಣದಾಗುತ್ತ ಹೋಯಿತು. ಅವನು ಗೇಟು ಹಿಡಿದುಕೊಂಡು ನಿಂತಿದ್ದ.

ಅಷ್ಟರಲ್ಲಿ ರೇಡಿಯೊ ಆರಿಸಿ ಹೊರಬಂದ ಟೀಚರಮ್ಮ, ಕಣ್ಣಿಗೆ ಕೈ ಅಡ್ಡ ಹಿಡಿದು ರಸ್ತೆಯ ಉದ್ದಕ್ಕೂ ನೋಡಿದರು. ಅವರಿಗೆ ನಿಜಕ್ಕೂ ಸಂತೋಷವಾಯಿತು.

"ನೋಡಪ್ಪ, ಗಾಡಿ ನಿನ್ನ ಕಡೆಗೇ ಬರ್ತಾ ಇದೆ."

"ಇಲ್ಲ ಟೀಚರಮ್ಮ," ಎಂದ ಟಿಕ್ಕಣ್ಣ. "ಹೋಗ್ತಾ ಇದೆ."