ಗಾಳಿ ಬಂದೂಕಿನ ಮಾವ

ನಮ್ಮ ಸೋದರಮಾವನ ಬಂದೂಕಿಗೆ ದೆವ್ವಗಳು ಹೆದರುತ್ತಿದ್ದವು. ಗುರಿಹಲಗೆ ಮಾತ್ರ ಹೆದರುತ್ತಿರಲಿಲ್ಲ. ಅದು ಹೇಗೆ ಎಂದು ಕೇಳಬೇಡಿ. ಪಕ್ಕದಲ್ಲೇ ನಿಂತು ನೋಡಿದ ನನಗೇ ಇನ್ನೂ ಗೊಂದಲ!

ಮಹಾರಾಜರ ವರ್ಧಂತಿಗೆ ಮಧುಗಿರಿ ಕೋಟೆಯ ಬುಡದಲ್ಲಿ ಗಾಳಿ ಬಂದೂಕಿನ ಗುರಿ ಪಂದ್ಯ ನಡೆಯುತ್ತಿತ್ತು. ಗೆದ್ದವರಿಗೆ ಬೆಳ್ಳಿಯ ಬಟ್ಟಲು. ಅದು ತಮ್ಮ ಮನೆಗೆ ಬರಬೇಕೆಂಬುದು ಮಾವನ ಜೀವಮಾನದ ಆಸೆ. ಅದಕ್ಕಾಗಿ ಎರಡೆಕರೆ ಖುಷ್ಕಿ ಜಮೀನು ಮಾರಿ ಜರ್ಮನಿಯ ಬಂದೂಕು ತರಿಸಿದರು. ಬಂದೂಕಿಗೆ ಮಖಮಲ್ಲಿನ ಪೆಟ್ಟಿಗೆ, ತಮಗೆ ಚರ್ಮದ ಕೋಟು, ಎಡಗೈಗೆ ಗವಸು, ಕಣ್ಣಿಗೆ ನೀಲಿ ಕನ್ನಡಕ. ಮಧುಗಿರಿಯ ಬಿಸಿಲಿನಲ್ಲಿ ಚರ್ಮದ ಕೋಟು! ಒಳಗೆ ಅವರು ಬೇಯುತ್ತಿದ್ದರು, ಹೊರಗೆ ನಾವು ಬೆರಗಾಗುತ್ತಿದ್ದೆವು. ಇಷ್ಟಿದ್ದೂ ಅಭ್ಯಾಸ ಮಾತ್ರ ಇಲ್ಲ. ಹಾರಿಸಿದರೆ ಬಂದೂಕು ಸವೆಯುತ್ತದಂತೆ. ಸೀಸದ ಗುಂಡು ಬೆಂಗಳೂರಿನಿಂದ ಬರಬೇಕಂತೆ. ಸಾಮಾನು ಸರಿಯಿದ್ದರೆ ಕೈ ತಾನಾಗಿ ಸರಿಹೋಗುತ್ತದೆ ಎನ್ನುವುದು ಅವರ ಸಿದ್ಧಾಂತ.

ನಾನು ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತ. ಪಂದ್ಯದಲ್ಲಿ ಗುರಿಹಲಗೆಗೆ ಅಂಟಿಸಿದ ರಟ್ಟಿನ ತೂತು ಎಣಿಸುವ ಕೆಲಸ ನನ್ನದು. ಒಬ್ಬೊಬ್ಬರಿಗೆ ಹತ್ತು ಗುಂಡು. ಮೊದಲ ವರ್ಷ ಎಣಿಸುತ್ತೇನೆ, ಮಾವನ ರಟ್ಟಿನಲ್ಲಿ ಒಂದು ತೂತೂ ಇಲ್ಲ, ಪಕ್ಕದ ಶಿರಾ ಸಾಹೇಬರ ರಟ್ಟಿನಲ್ಲಿ ಹನ್ನೊಂದು! ಮತ್ತೆ ಎಣಿಸಿದೆ. ಹನ್ನೊಂದೇ. ಯಾರ ಗುಂಡನ್ನು ಯಾರ ಹೆಸರಿಗೆ ಬರೆಯಲಿ? ಅತ್ತರಿನ ಅಂಗಡಿಯ ಆ ಸಾಹೇಬರೇ ಬಂದು, ಅಂಚಿನಲ್ಲಿರುವುದು ನಿಮ್ಮ ಮಾವನದು, ಉಳಿದದ್ದು ನನ್ನದು ಎಂದು ಬಿಡಿಸಿ ಹೇಳಿದರು. ಅವರ ಬಂದೂಕಿನ ಹಿಡಿಯೋ, ಒಡೆದು ತಾಮ್ರದ ತಂತಿ ಸುತ್ತಿಸಿಕೊಂಡಿತ್ತು. ಬಟ್ಟಲು ಗೆದ್ದವರು ಅವರೇ.

"ರೋಜ್ ಹತ್ತು ಹೊಡೀರಿ ಸ್ವಾಮಿ, ಸಾಕು," ಎಂದು ಮಾವನಿಗೆ ಮೆಲ್ಲಗೆ ಹೇಳಿದರು. ಮಾವ ಮನೆಗೆ ಬಂದು, ರಾತ್ರಿಯೆಲ್ಲ ಯೋಚಿಸಿ, ಒಂದು ಹೊಸ ಟೋಪಿ ತರಿಸಿದರು.

ಈ ನಡುವೆ ಅತ್ತೆ ಬಾವಿಕಟ್ಟೆಯಲ್ಲಿ, ನಮ್ಮ ಮನೆಯಲ್ಲಿ ಗಾಳಿ ಬಂದೂಕಿದೆ ಎಂದು ಹೇಳಿಕೊಂಡಿದ್ದರು. ನಮ್ಮ ಕಡೆ ಗಾಳಿ ಎಂದರೆ ಬೀಸುವುದೂ ಹೌದು, ಮೈಮೇಲೆ ಬರುವುದೂ ಹೌದು. ಮೂರನೆಯ ದಿನಕ್ಕೆ ಕೊರಟಗೆರೆ ಕಡೆಯ ಒಬ್ಬ ಹೆಂಗಸು, ಊಟ ಬಿಟ್ಟು ಮಂಕಾಗಿ ಕೂತಿದ್ದ ಸೊಸೆಯನ್ನು ಗಾಡಿಯಲ್ಲಿ ಕರೆತಂದಳು.

"ಗಾಳಿ ಮೆಟ್ಕೊಂಡೈತೆ ಸಾಮಿ, ಒಂದೇಟು ಹಾಕ್ಬುಡಿ."

ಮಾವ ತಾಳ್ಮೆಯಿಂದ ವಿವರಿಸಿದರು. ಇದು ಆ ಗಾಳಿಗೆ ಹೊಡೆಯುವ ಬಂದೂಕಲ್ಲ. ಇದರ ಒಳಗೇ ಗಾಳಿಯನ್ನು ಅದುಮಿ ಹಿಡಿದಿರುತ್ತೇವೆ, ಬೆರಳಿನಿಂದ ಬಂದೂಕಿನ ಕುದುರೆ ಎಳೆದರೆ ಅದು ನುಗ್ಗಿ ಗುಂಡನ್ನು ತಳ್ಳುತ್ತದೆ. ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದಳು.

"ಹಂಗಾರೆ ಒಳ್ಗೂ ಒಂದ್ನ ಕಟ್ಟಾಕಿದೀರಾ ಸಾಮಿ?"

ಮಾವ ಎದ್ದು ಹಿತ್ತಲ ಹುಣಸೆಮರಕ್ಕೆ ಒಂದು ಗುಂಡು ಹಾರಿಸಿದರು. ಸೊಸೆ ಬೆಚ್ಚಿಬಿದ್ದು, ಕೋಟು ಟೋಪಿ ಕನ್ನಡಕದ ಮಾವನನ್ನು ಮೇಲಿಂದ ಕೆಳಗೆ ನೋಡಿ ಕಿಸಕ್ಕನೆ ನಕ್ಕಳು. ನಕ್ಕವಳು ಮುದ್ದೆ ಕೇಳಿದಳು. ಮುಗಿಯಿತಲ್ಲ! ಪಾವಗಡದ ಕಡೆಯಿಂದ "ಗಾಲಿ ಸೋಕಿಂದಿ ಸಾಮಿ" ಎನ್ನುತ್ತ ತೆಲುಗಿನ ಗಾಡಿಗಳೂ ಬಂದವು. ಬಂದವರು ಸುಮ್ಮನಿರದೆ, ಗಾಳಿ ಕೂತಿರುವುದು ಇಂಥ ಹುಣಸೆಕಾಯಿಯ ಮೇಲೇ ಎಂದು ಬೆರಳು ಮಾಡಿ ತೋರಿಸುವರು. ಆ ಕಾಯಿ ಉದುರುವ ತನಕ ಜಾಗ ಬಿಟ್ಟು ಏಳುತ್ತಿರಲಿಲ್ಲ. ಮೊದಮೊದಲು ಒಂದು ಗಾಳಿಗೆ ಮೂವತ್ತು ಗುಂಡು; ಬರಬರುತ್ತ ಒಂದೇ. ಇದು ಅಭ್ಯಾಸವೇ ಅಲ್ಲವೇ ಎಂದು ನಾನು ಕೇಳಿದರೆ ಮಾವನಿಗೆ ಸಿಟ್ಟು. ಗುರಿ ಸರಿಹೋದದ್ದು ಟೋಪಿಯಿಂದ ಎಂದೇ ಅವರ ವಾದ.

ಮರುವರ್ಷ ಪಂದ್ಯದ ಕೊನೆಗೆ ಉಳಿದವರು ಮಾವ ಮತ್ತು ಸಾಹೇಬರು. ಸಾಹೇಬರ ಹತ್ತೂ ಗುಂಡು ಮುಗಿದಿದ್ದವು. ಒಂದು ಕೊಂಚ ಜಾರಿತ್ತು. ಮಾವನ ಒಂಬತ್ತಕ್ಕೆ ಒಂಬತ್ತೂ ನಟ್ಟನಡುವೆ! ಇಡೀ ಮೈದಾನದಲ್ಲಿ ಉಳಿದದ್ದು ಅದೊಂದೇ ಗುಂಡು. ಮನೆಯ ಗುಂಡಿನ ಡಬ್ಬಿಯನ್ನೂ ದೆವ್ವಗಳು ಖಾಲಿ ಮಾಡಿದ್ದವು. ಆಗಲೇ ಒಬ್ಬ ತಾಯಿ ಎಂಟು ವರ್ಷದ ಮಗಳನ್ನು ಹೊತ್ತುಕೊಂಡು ಜನರನ್ನು ಸೀಳಿ ಬಂದಳು. ಮಗು ಎಲ್ಲೋ ಬೆಚ್ಚಿ, ಎರಡು ದಿನದಿಂದ ಹಲ್ಲು ಕಚ್ಚಿಕೊಂಡಿತ್ತು. ತೊಟ್ಟು ನೀರೂ ಇಳಿದಿರಲಿಲ್ಲ.

ನಾನು ಮಾವನ ಕಿವಿಯಲ್ಲಿ, ಬಟ್ಟಲು ನಿಮ್ಮದೇ ಆಯಿತು, ಹಲಗೆಗೆ ಹೊಡೆದುಬಿಡಿ, ಗಾಳಿಗೀಳಿ ಎಲ್ಲ ನೀವು ನಂಬುತ್ತೀರಾ ಎಂದೆ.

"ನಾನು ನಂಬಲ್ಲ ಕಣೋ," ಎಂದರು ಮಾವ. "ಆ ಮಗು ನಂಬಿದೆಯಲ್ಲ."

ಗುರಿಹಲಗೆಗೆ ಬೆನ್ನು ತಿರುಗಿಸಿ, ಮಗುವಿನ ಪಕ್ಕ ಮಂಡಿಯೂರಿ, ಮೈದಾನದಂಚಿನ ಹುಣಸೆಮರ ತೋರಿಸಿ ಯಾವ ಕಾಯಿ ಎಂದು ಕೇಳಿದರು. ಮಗು ಬೆರಳೆತ್ತಿತು. ಕಾಯಿ ಉದುರಿತು. ಆಮೇಲೆ ಮಗು ಬಾಯಿ ಬಿಟ್ಟು ನೀರು ಕೇಳಿತು.

ಲೋಟ ಎಲ್ಲಿ ಎಂದು ನಾವೆಲ್ಲ ಹುಡುಕಾಡುತ್ತಿರುವಾಗ ಸಾಹೇಬರು ಎದ್ದರು. ಮಾವನ ಹತ್ತನೆಯ ಗುಂಡು ಹಲಗೆಗೆ ಬೀಳದ ಕಾರಣ ನಿಯಮದ ಪ್ರಕಾರ ಈಗ ತಮ್ಮದಾಗಿದ್ದ ಬೆಳ್ಳಿಯ ಬಟ್ಟಲಿಗೆ ಹೂಜಿಯಿಂದ ನೀರು ಬಗ್ಗಿಸಿ ಮಾವನ ಕೈಗಿತ್ತರು. ಮಾವ ಅದನ್ನು ಮಗುವಿನ ತುಟಿಗೆ ಹಿಡಿದರು. ಜೀವಮಾನವೆಲ್ಲ ಬಯಸಿದ ಬಟ್ಟಲು ಅವರ ಕೈಯಲ್ಲಿ ಇದ್ದದ್ದು ಅಷ್ಟು ಹೊತ್ತು ಮಾತ್ರ. ಮಗು ಕುಡಿದು ಮುಗಿಸಿದ ಮೇಲೆ ಅದನ್ನು ಪಂಚೆಯ ತುದಿಯಿಂದ ಒರೆಸಿ ಸಾಹೇಬರಿಗೆ ಹಿಂದಕ್ಕೆ ಕೊಟ್ಟರು. ನಾನು ರಟ್ಟುಗಳ ಮುಂದೆ ಕೂತು ಅಳುತ್ತಿದ್ದೆ.